ಉಪ್ಪಿನ ಊರನ್ನು ಕಾದಂಬರಿಗೆ ತರುವುದು ಹೇಗೆ?

ಮರಳ ನಕಾಶೆ: ಕಲ್ಪಿತ ಲೋಕದ ಕಾದಂಬರಿಯೊಂದಕ್ಕೆ ರಾಜಧಾನಿ ಕಟ್ಟುತ್ತಿದ್ದೇನೆ. ಮಾದರಿ ಸಹಾರಾದ ತಗಾಜಾ, ಈಗಿನ ಮಾಲಿ ದೇಶದ ಉತ್ತರ ತುದಿಯಲ್ಲಿದ್ದ ಉಪ್ಪಿನ ಗಣಿಯ ಊರು. 1352ರಲ್ಲಿ ಅಲ್ಲಿ ಹತ್ತು ದಿನ ತಂಗಿದ್ದ ಇಬ್ನ್ ಬತೂತ, ಮನೆ ಮಸೀದಿಗಳೆಲ್ಲ ಉಪ್ಪಿನ ಕಲ್ಲಿನವು, ಚಾವಣಿಗೆ ಒಂಟೆಯ ಚರ್ಮ ಅಂತ ಬರೆದಿದ್ದಾನೆ. ನನ್ನ ನಗರ ಕಡಲ ತೀರದಲ್ಲಿದೆ. ಜನ 20,000, ನಡುವೆ ಏಳಂತಸ್ತಿನ ಉಪ್ಪಿನ ಗೋಪುರ. ಓದುವವರು ನಂಬಬೇಕಾದರೆ ಏನೇನು ತಿದ್ದಬೇಕು?

ಆಗರದ ಹಾದಿ: ಮೊದಲು ಕಡಲನ್ನು ತೆಗೆಯಿರಿ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಜಿನುಗತೊಡಗುತ್ತದೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಅಂಥ ಗೋಡೆ ಒಂದು ವರ್ಷವೂ ನಿಲ್ಲುವುದಿಲ್ಲ. ಜೊತೆಗೆ, ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಆಗರಗಳಲ್ಲಿ ಸಿಗುವುದು ಹರಳುಪ್ಪು, ಅದರಿಂದ ಗೋಡೆ ಏಳುವುದಿಲ್ಲ. ತಗಾಜಾದಲ್ಲಿದ್ದದ್ದು ನೆಲದಡಿಯ ಪದರ ಉಪ್ಪು. ಮೇಲಿನ ಮಣ್ಣು ತೆಗೆದು, ಪದರವನ್ನು ಹಲಗೆಯಾಗಿ ಕೊಯ್ದು ಎಬ್ಬಿಸುತ್ತಿದ್ದರು. ಮಳೆಯೇ ಇಲ್ಲದ ಸೀಮೆಯಾದ್ದರಿಂದ ಅದು ಗೋಡೆಯಾಗಿ ಉಳಿಯಿತು.

ಏಳಂತಸ್ತನ್ನೂ ಬಿಡಿ. ಉಪ್ಪಿನ ಹಲಗೆ ಮೇಲಿಂದ ಬೀಳುವ ಭಾರವನ್ನು ತಡೆಯುತ್ತದೆ, ಆದರೆ ಎರಡು ಗೋಡೆಗಳ ನಡುವೆ ಅಡ್ಡ ಹಾಕಿದರೆ ನಡುವಿನಲ್ಲಿ ಬಿರಿಯುತ್ತದೆ. ತೊಲೆಗೆ ಮರ ಬೇಕು, ತಗಾಜಾದಲ್ಲಿ ಒಂದು ಮರವೂ ಇರಲಿಲ್ಲ. ಹಾಗಿರುವಾಗ ಚರ್ಮದ ಚಾವಣಿ ಬಿಟ್ಟರೆ ಗತಿಯಿಲ್ಲ. ಒಂದಂತಸ್ತು, ಕಿರಿದಾದ ಕೋಣೆ, ಸಣ್ಣ ಬಾಗಿಲು, ಇಷ್ಟೇ ಇಡಿ.

ಹೊರೆಲೆಕ್ಕ: 20,000 ಜನ ಆಗುವ ಮಾತಲ್ಲ. ಮರುಭೂಮಿಯ ಬಿಸಿಲಲ್ಲಿ ಕುಡಿಯಲು ತಲೆಗೆ ದಿನಕ್ಕೆ 5 ಲೀಟರ್ ಹಿಡಿದರೂ ಒಂದು ಲಕ್ಷ ಲೀಟರ್. ಒಂಟೆಯೊಂದರ ಹೊರೆ 150 ಕಿಲೋ ಅಂದುಕೊಳ್ಳಿ, ದಿನಕ್ಕೆ 667 ಒಂಟೆ. ನೀರು ಹತ್ತು ದಿನದ ದಾರಿಯಾಚೆ ಇದ್ದರೆ ಹೋಗಿಬರಲು ಇಪ್ಪತ್ತು ದಿನ, ಅಂದರೆ 13,000ಕ್ಕೂ ಹೆಚ್ಚು ಒಂಟೆಗಳು ಸದಾ ದಾರಿಯಲ್ಲೇ ಇರಬೇಕು. ಅವಕ್ಕೂ ನೀರು ಬೇಕಲ್ಲ!

ಹಾಗಾಗಿ ನೀರು ಊರಲ್ಲೇ ಇರಬೇಕು, ಸವುಳಾದರೂ ಸರಿ. ತಗಾಜಾದ ಬಾವಿಯ ನೀರು ಸವುಳೇ, ಊರ ತುಂಬ ನೊಣ. ಆಹಾರದ ಲೆಕ್ಕ ಬೇರೆ. 500 ಜನರ ಊರಿಗೆ ತಲೆಗೆ 600 ಗ್ರಾಂ ಧಾನ್ಯದಂತೆ ದಿನಕ್ಕೆ 300 ಕಿಲೋ, ಎರಡೇ ಒಂಟೆ ಹೊರೆ. ತಿಂಗಳಿಗೆ 60 ಹೊರೆ ಧಾನ್ಯ ಬರುತ್ತದೆ, ಅದೇ 60 ಒಂಟೆ ಉಪ್ಪು ಹೇರಿಕೊಂಡು ವಾಪಸು. ಮೀಟರು ಉದ್ದ, ಅರ್ಧ ಮೀಟರಿಗೆ ತುಸು ಕಡಿಮೆ ಅಗಲ, ನಾಲ್ಕು ಸೆಂ.ಮೀ. ದಪ್ಪದ ಹಲಗೆ ಸುಮಾರು 38 ಕಿಲೋ ತೂಗುತ್ತದೆ. ಬೆನ್ನಿನ ಎರಡೂ ಕಡೆ ಎರಡೆರಡು ಕಟ್ಟಿದರೆ ಒಂಟೆಗೆ ನಾಲ್ಕು, ತಿಂಗಳಿಗೆ 240 ಹಲಗೆ. ನಿಮ್ಮ ಊರಿನ ದುಡಿಮೆ ಎಷ್ಟಿರಬೇಕು ಅನ್ನುವುದು ಇಲ್ಲೇ ಸಿಕ್ಕಿತು.

ಬೇರೆ ಏನು ಕಲ್ಪಿಸಿದರೂ ಈ ಸರಪಳಿ ಕಡಿಯಬೇಡಿ. ಒಂದು ಸಾರ್ಥ, ಅಂದರೆ ವರ್ತಕರ ಒಂಟೆ ತಂಡ, ತಪ್ಪಿದರೆ ಊರು ಉಪವಾಸ. ಗಣಿಯವರು ಗುಡಿಸಲಲ್ಲೇ ಹಸಿದು ಸತ್ತದ್ದುಂಟು ಎಂದು 16ನೇ ಶತಮಾನದ ಪ್ರವಾಸಿ ಲಿಯೋ ಆಫ್ರಿಕಾನಸ್ ಬರೆದಿದ್ದಾನೆ.

ಬಿಸಿಲ್ಗುದುರೆ: ಲೆಕ್ಕ ಒಪ್ಪಿದೆ. ಆದರೆ ಬರೀ ಸಾಗಾಣಿಕೆ ಪಟ್ಟಿಯಿಂದ ಯಾರಿಗೂ ಮೈ ಜುಮ್ಮೆನ್ನುವುದಿಲ್ಲ. ಇಬ್ನ್ ಬತೂತನ ಬರಹದಲ್ಲಿ ತಕ್ಷೀಫ್ ಎಂಬ ಓಲೆಕಾರನೊಬ್ಬ ಇದ್ದಾನೆ, ಅವನನ್ನು ನೋಡಿ. ಸಾರ್ಥಕ್ಕಿಂತ ಮುಂಚೆ ಒಬ್ಬನೇ ಕಾಗದಗಳನ್ನು ಹೊತ್ತು ಮರುಭೂಮಿಯ ದಕ್ಷಿಣ ಅಂಚಿನ ವಲಾತಾ ಪಟ್ಟಣಕ್ಕೆ ಹೋಗಬೇಕು. ಅಲ್ಲಿಯವರು ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡುತ್ತಾರೆ. ಅವನು ದಾರಿಯಲ್ಲಿ ಸತ್ತರೆ ಹಿಂದೆ ಬರುತ್ತಿರುವವರೂ ಸಾಯಬಹುದು. ಒಂಟಿಯಾಗಿ ಹೋಗುವವನನ್ನು ಮರಳಿನ ಪಿಶಾಚಿಗಳು ಆಟವಾಡಿಸಿ ದಾರಿ ತಪ್ಪಿಸುತ್ತವೆ ಎಂಬ ನಂಬಿಕೆ. ಕೂಲಿ 100 ಮಿಸ್ಕಾಲ್ (ಆ ಕಾಲದ ತೂಕದ ಅಳತೆ) ಚಿನ್ನ. ಇಬ್ನ್ ಬತೂತನ ಸಾರ್ಥಕ್ಕೆ ದಾರಿ ತೋರಿಸಿದವನಿಗಂತೂ ಒಂದು ಕಣ್ಣು ಇರಲಿಲ್ಲ, ಇನ್ನೊಂದಕ್ಕೆ ರೋಗ, ಆದರೂ ದಾರಿ ಬಲ್ಲವರಲ್ಲಿ ಅವನೇ ಮೇಲು! ಪಿಶಾಚಿ ನಿಜವೆಂದು ಒಂದೇ ಒಂದು ಬದಲಾವಣೆ ಮಾಡಿ, ಮಿಕ್ಕಿದ್ದನ್ನು ಇದ್ದಂತೆಯೇ ಬಿಡಿ.

ಹೊರೆಲೆಕ್ಕ: ತಕ್ಷೀಫ್ ಹುಟ್ಟಿದ್ದೇ ನೀರಿನ ಲೆಕ್ಕದಿಂದ ಅಲ್ಲವೇ? ದಾರಿಯುದ್ದಕ್ಕೂ ಬಾವಿಗಳಿದ್ದಿದ್ದರೆ ಅವನ ಕೆಲಸವೇ ಇರುತ್ತಿರಲಿಲ್ಲ.

ಕಲ್ಮನೆ: ಸಹಾರಾವರೆಗೆ ಯಾಕೆ ಹೋಗಬೇಕು? ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಮೇಲೆ ಕಬ್ಬಿಣ ಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಗ್ರಾನೈಟ್ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಕೆಲವಕ್ಕೆ ದುಂಡು ಕಿಂಡಿ ಕೊರೆದಿದ್ದಾರೆ. ನಗಾರಿಯ ಆಕಾರದ ಬಂಡೆಯೂ ಇದೆ, ಬಡಿದರೆ ದೂರಕ್ಕೆ ಕೇಳುತ್ತದೆ. ಸುತ್ತಲಿನವರು ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ, ಕುಳ್ಳ ಜನರ ಮನೆಗಳೆಂಬ ಕತೆಯೂ ಇದೆ. ಕನ್ನಡದ ಲೋಕಕ್ಕೆ ಇದಕ್ಕಿಂತ ಬೇರೆ ಬೇಕೆ?

ಆಗರದ ಹಾದಿ: ಬೇಕಾದರೆ ಬೇರೆ ಕಾದಂಬರಿಗೆ, ಕಲ್ಮನೆಯವರೇ. ಗ್ರಾನೈಟ್ ಪದರ ಪದರವಾಗಿ ಸುಲಿದೇಳುವ ಬೆಟ್ಟ ಇದ್ದದ್ದರಿಂದ ಅಲ್ಲಿ ಚಪ್ಪಡಿ ಸಿಕ್ಕಿತು. ಉಪ್ಪಿನ ಬಯಲಿನಲ್ಲಿ ಅದೇ ಸಮಾಧಿ ನಿಲ್ಲಿಸಿದರೆ, ಕಲ್ಲನ್ನು ಎಲ್ಲಿಂದ ಯಾರು ಎಳೆದು ತಂದರು ಅನ್ನುವುದಕ್ಕೆ ಉತ್ತರ ಬೇಕಾಗುತ್ತದೆ. ನೂರು ಕಡೆಯ ಚೆಂದವನ್ನು ಒಟ್ಟುಮಾಡಿದ ಲೋಕಗಳು ಸೋಲುವುದು ಇಲ್ಲೇ.

ಕಲ್ಮನೆ: ಆ ಉತ್ತರವೇ ಕತೆಯಾಗಬಹುದಲ್ಲ? ದೂರದಿಂದ ಕಲ್ಲು ತರಿಸಬಲ್ಲ ಅರಸನಿದ್ದಾನೆ ಅಂದರೆ ಅವನ ಕೈ ಎಷ್ಟು ಉದ್ದ ಅಂತ ಓದುಗರಿಗೆ ತಿಳಿಯುತ್ತದೆ. ಬೆರೆಸಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನೆಲಗುಳ್ಳಿ: ಇಷ್ಟು ಹೊತ್ತಿನಿಂದ ಯಾರೂ ಹೇಳದ ಮಾತು. ತಗಾಜಾದಲ್ಲಿ ಉಪ್ಪು ಅಗೆಯುತ್ತಿದ್ದವರು ಮಸೂಫಾ ಕುಲದ ಒಡೆಯರ ಗುಲಾಮರು. ಊರಲ್ಲಿ ಬೇರೆ ಯಾರೂ ನೆಲೆಸಿರಲಿಲ್ಲ ಅಂತಲೇ ಇಬ್ನ್ ಬತೂತ ಬರೆದಿದ್ದಾನೆ. ಹೊಳೆಯುವ ಬಿಳಿ ಗೋಡೆಯನ್ನು ಮಾತ್ರ ತೆಗೆದುಕೊಂಡು ಆ ಕೈಗಳನ್ನು ಬಿಟ್ಟರೆ ದೊಡ್ಡ ಅನ್ಯಾಯ. ಕತೆಯೂ ಸೊರಗುತ್ತದೆ, ಯಾಕೆಂದರೆ ಅಂಥ ಊರಲ್ಲಿ ಅರಸ ಇರುವುದೇ ಇಲ್ಲ. ಒಂದು ಹೊರೆ ಉಪ್ಪಿಗೆ ವಲಾತಾದಲ್ಲಿ 8ರಿಂದ 10 ಮಿಸ್ಕಾಲ್, ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40. ಲಾಭವೆಲ್ಲ ದಕ್ಷಿಣಕ್ಕೆ ಹೋದಂತೆ ಏರುತ್ತದೆ. ಒಡೆಯ, ಅರಮನೆ, ಸಂಚು ಎಲ್ಲವೂ ಆ ದಾರಿಯ ಕೊನೆಯಲ್ಲಿ.

ಮರಳ ನಕಾಶೆ: ಹಾಗಾದರೆ ರಾಜಧಾನಿಯನ್ನು ದಕ್ಷಿಣಕ್ಕೆ, ನದಿ ಇರುವಲ್ಲಿಗೆ ಒಯ್ಯುತ್ತೇನೆ. ಉಪ್ಪಿನ ಊರು 500 ಜನರ ಗಣಿಯಾಗಿ ಉಳಿಯಲಿ. ಒಂದು ಅನುಮಾನ: ಅಲ್ಲಿ ಅಡುಗೆಗೆ ಉರುವಲು?

ಹೊರೆಲೆಕ್ಕ: ಒಣಗಿದ ಒಂಟೆ ಲದ್ದಿ. ತಿಂಗಳ ಸಾರ್ಥ ಬಂದಾಗ ಮೊದಲು ಅದನ್ನು ಆಯಲು ಜನ ಓಡಲಿ. ಖರ್ಜೂರ ಬೇಯಿಸದೆ ತಿನ್ನಬಹುದು, ಧಾನ್ಯಕ್ಕೆ ಬೆಂಕಿ ಬೇಕೇ ಬೇಕು. ತಗಾಜಾದವರ ಊಟ ಖರ್ಜೂರ, ಒಂಟೆ ಮಾಂಸ, ದಕ್ಷಿಣದಿಂದ ಬರುವ ಸಿರಿಧಾನ್ಯ.

ಬಿಸಿಲ್ಗುದುರೆ: ಮೊದಲ ಅಧ್ಯಾಯ ತಕ್ಷೀಫ್‌ನದ್ದೇ ಇರಲಿ ಅನ್ನುವ ಹಟ ಮಾತ್ರ ನಾನು ಬಿಡುವುದಿಲ್ಲ.