ವೇತಾಳ ಟೇಕ್ಡಿಗೂ ಆಗ್ಬೇಕು, ಊರಿನ ಕಾಫಿ ತೋಟಕ್ಕೂ ಆಗ್ಬೇಕು: ಯಾವ ಫುಲ್ ಸಸ್ಪೆನ್ಷನ್ ಸೈಕಲ್ ತಗೊಳ್ಳಲಿ?

ಸಕಲೇಶಪುರದ_ಹುಡುಗ (ಬಾವಧನ್, ಪುಣೆ)

ಎಲ್ರಿಗೂ ನಮಸ್ಕಾರ. ಪುಣೆಗೆ ಬಂದು ನಾಲ್ಕು ವರ್ಷ ಆಯ್ತು, ಇಷ್ಟು ದಿನ ಒಂದು ಹಾರ್ಡ್‌ಟೇಲ್‌ನಲ್ಲೇ ಕಾಲ ತಳ್ಕೊಂಡು ಬಂದೆ, ಅಂದ್ರೆ ಹಿಂದೆ ಶಾಕ್ ಇಲ್ಲ, ಮುಂದೆ ಮಾತ್ರ 100 ಎಂಎಂ ಶಾಕಿನ ಫೋರ್ಕು, ಅದೂ ಈಗ ಕಿರ್ರ್ ಅನ್ನಕ್ಕೆ ಶುರು ಮಾಡಿದೆ. ವಾರದಲ್ಲಿ ಮೂರು ದಿನ ಆಫೀಸಿಗೆ ಮುಂಚೆ ವೇತಾಳ ಟೇಕ್ಡಿ (ಪುಣೆ ಊರೊಳಗಿನ ಗುಡ್ಡ), ಭಾನುವಾರ ಮುಳಶಿ ಕಡೆ ಇಲ್ಲಾಂದ್ರೆ ಸಿಂಹಗಡದ ಘಾಟು, ವರ್ಷಕ್ಕೆರಡು ಸಲ ಊರಿಗೆ ಹೋಗುವಾಗ ಸೈಕಲ್ಲನ್ನೂ ಬಸ್ಸಿನ ಡಿಕ್ಕಿಲಿ ಹಾಕ್ಕೊಂಡು ಹೋಗ್ತೀನಿ, ಅಲ್ಲಿ ತೋಟದ ಕಾಲುದಾರಿ, ಬೇರು, ಕೆಸರು, ಜಿಗಣೆ, ಎಲ್ಲಾ ಗೊತ್ತಲ್ಲ. ಟೇಕ್ಡಿ ಮೇಲೆ ಹಳೇ ಕ್ವಾರಿ ಹತ್ರದ ಇಳಿಜಾರಲ್ಲಿ ಸಡಿಲ ಕಲ್ಲಿನ ಮೇಲೆ ಹಿಂದಿನ ಚಕ್ರ ಕುಪ್ಪಳಿಸಿ ಕುಪ್ಪಳಿಸಿ ನನ್ನ ಸೊಂಟ ಹೋಯ್ತು. "ಸೈಕಲ್ ಬದಲಾಯಿಸ್ತೀರೋ ಬೆನ್ನು ಬದಲಾಯಿಸ್ತೀರೋ ಬೇಗ ನೋಡಿ" ಅಂದ್ಲು ಹೆಂಡ್ತಿ, ಅದನ್ನೇ ಪರ್ಮಿಷನ್ ಅಂತ ತಿಳ್ಕೊಂಡಿದೀನಿ.

ಬಜೆಟ್ಟು ಎರಡೂವರೆ ಲಕ್ಷ, ಎಳೆದ್ರೆ ಮೂರು. ಅಂಗಡಿಯೋನು 160 ಎಂಎಂ ಟ್ರಾವೆಲ್ (ಶಾಕಿಂದ ಚಕ್ರ ಮೇಲೆ ಕೆಳಗೆ ಆಡೋ ದೂರ) ಇರೋದೇ ತಗೊಳ್ಳಿ, ಜಾಸ್ತಿ ಇದ್ರೆ ನಷ್ಟ ಏನಿದೆ ಅಂತಾನೆ. ನಾನು ಎತ್ತರ ಐದಡಿ ಆರಿಂಚು, ತೂಕ 74 ಕೆಜಿ, ಜಂಪ್ ಗಿಂಪ್ ಮಾಡೋ ವಯಸ್ಸು ದಾಟಿದೆ. 120, 140, 160 ಇದ್ರಲ್ಲಿ ಯಾವುದು? 29 ಇಂಚಿನ ಚಕ್ರ ನನ್ನ ಎತ್ತರಕ್ಕೆ ಜಾಸ್ತಿ ಆಗುತ್ತಾ?

ಟೇಕ್ಡಿ_ಮಾಮಾ (ಕೊಥ್ರೂಡ್, ಮೂಲ ವಿಜಯಪುರ)

ತಮ್ಮಾ, 160 ಬ್ಯಾಡ. ನಾ ಅದ್ರಾಗ ರೊಕ್ಕ ಹಾಕಿ ಕೈ ಸುಟ್ಟಕೊಂಡಾಂವ ಅದೀನಿ, ಅದಕ್ಕ ಹೇಳಾಕತ್ತೀನಿ. ಇಳಿಯೂದು ಭಾಳ ಚಲೋ, ಪಲ್ಲಂಗದ ಮ್ಯಾಲ ಕುಂತಂಗ ಇರ್ತದ, ಖರೇ, ಆದ್ರ ಇಳಿಯೂದು ಎಷ್ಟು ನಿಮಿಷ? ನಮ್ಮ ಟೇಕ್ಡಿ ಒಳಗ ನಾಕು ನಿಮಿಷ ಇಳದ್ರ ಇಪ್ಪತ್ತು ನಿಮಿಷ ಹತ್ತಬೇಕು, ಆವಾಗ 16 ಕೆಜಿ ಸೈಕಲ್ಲು ಪ್ರತಿ ಪೆಡಲಿಗೂ ಎಮ್ಮಿ ಹಂಗ ಕುಂತು ಎದ್ದು ಮಾಡ್ತದ. ಮತ್ತ ಸಪಾಟ ದಾರ್ಯಾಗ ಅದು ಮಲಗಿದ ಹಾವು, ತಿರುಗಸಾಕ ಬರೂದಿಲ್ಲ.

ನಿನಗ ಹಿಂದ 130 ರಿಂದ 140, ಮುಂದ 140 ಇಲ್ಲಾ 150. ಇದನ್ನ ಟ್ರೇಲ್ ಬೈಕ್ ಅಂತಾರ. ಟ್ರೆಕ್ ಫ್ಯುಯೆಲ್ ಇಎಕ್ಸ್ 2022ರ ಆಗಸ್ಟಿನ್ಯಾಗ ಬಂದದ್ದು (2023ರ ಮಾಡೆಲ್) ಹಿಂದ 140 ಮುಂದ 150, ಸ್ಪೆಷಲೈಸ್ಡ್ ಸ್ಟಂಪ್‌ಜಂಪರ್ 2021ರದ್ದು 130 ಮತ್ತ 140, ಜೈಂಟ್ ಟ್ರಾನ್ಸ್ ಎಕ್ಸ್ 29 2021ರದ್ದು 135 ಮತ್ತ 150. ಎಲ್ಲಾ ಸುಮಾರು ಒಂದೇ ಜಾತಿ, ಹಿಂದಿನ ಕೀಲು ಮಾಡಿದ ರೀತಿ ಅಷ್ಟ ಬ್ಯಾರೆ. ಹೊಸಾದು ನಿನ್ನ ಬಜೆಟ್ಟಿಗೆ ಕುಂದ್ರೂದು ಕಷ್ಟ, ಹಳೇ ಮಾಡೆಲ್ ಉಳದದ್ದು ಇಲ್ಲಾ ಸೆಕೆಂಡ್ ಹ್ಯಾಂಡ್ ನೋಡು.

ಇನ್ನೊಂದು ಮಾತು, ಇದನ್ನ ಅಂಗಡ್ಯಾಂವ ಹೇಳೂದಿಲ್ಲ. ಫುಲ್ ಸಸ್ಪೆನ್ಷನ್ ತಗೊಂಡ್ಮ್ಯಾಲ ಸ್ಯಾಗ್ ಸೆಟ್ ಮಾಡದ ಹತ್ತಬ್ಯಾಡ. ನೀ ಸೈಕಲ್ ಮ್ಯಾಲ ಸುಮ್ನ ಕುಂತಾಗ ಶಾಕ್ ಶೇಕಡಾ 25 ರಿಂದ 30 ಕುಗ್ಗಬೇಕು. ಶಾಕಿನ ಸ್ಟ್ರೋಕ್ (ಶಾಕ್ ತಾನ ಪೂರಾ ಕುಗ್ಗೂ ಅಳತಿ) 50 ಎಂಎಂ ಇದ್ರ ಶಾಕಿನ ಮ್ಯಾಲಿನ ರಬ್ಬರ್ ಉಂಗುರ 13 ರಿಂದ 15 ಎಂಎಂಗೆ ನಿಂದ್ರಬೇಕು. ಗಾಳಿ ಕಮ್ಮಿ ಆದ್ರ ತಳಕ್ಕ ಬಡೀತದ, ಜಾಸ್ತಿ ಆದ್ರ ನೀ ಹಾರ್ಡ್‌ಟೇಲಿಗೇ ಮೂರು ಲಕ್ಷ ಕೊಟ್ಟಂಗ. ಶಾಕ್ ಪಂಪು ಬ್ಯಾರೆ ಬೇಕು, ಟೈರಿನ ಪಂಪು ನಡಿಯೂದಿಲ್ಲ.

ಮತ್ತ ಸರ್ವಿಸ್. ರಾಕ್‌ಶಾಕ್ಸಿನವ್ರು ಫೋರ್ಕಿನ ಲೋವರ್ ಸರ್ವಿಸ್ (ಕೆಳಗಿನ ಭಾಗ ಬಿಚ್ಚಿ ಸ್ವಚ್ಛ ಮಾಡಿ ಎಣ್ಣಿ ಹಾಕೂದು) ಪ್ರತಿ 50 ತಾಸಿಗೆ ಅಂತಾರ, ಫಾಕ್ಸಿನವ್ರು 125 ತಾಸು. ನೀ ವಾರಕ್ಕ ಐದು ತಾಸು ಹೊಡದ್ರ 50 ತಾಸು ಅಂದ್ರ ಹತ್ತು ವಾರ, ಅಂದ್ರ ಮಳಿಗಾಲ ಮುಗಿಯೂದ್ರಾಗ ಒಂದು ಸರ್ವಿಸ್ ಬಂದ ಬಿಡ್ತದ. ನಂದೊಂದು ಮೂರ್ಖತನ ಕೇಳು, ಕೆಸರು ಹತ್ತೇದಂತ ಮೋಟರ್‌ಸೈಕಲ್ ತೊಳಿಯೂ ಸೆಂಟರಿಗೆ ಒಯ್ದು ಪ್ರೆಶರ್ ನೀರು ಹೊಡಿಸಿದೆ, ಎರಡು ತಿಂಗಳಿಗೆ ಹಿಂದಿನ ಕೀಲಿನ ಬೇರಿಂಗ್ ಎಲ್ಲಾ ಜಂಗು ಹಿಡದು ಗಿರಗಿಟ್ಲಿ ಹಂಗ ಸಪ್ಪಳ. ಬಕೀಟು, ಬಟ್ಟಿ, ಮೆತ್ತಗಿನ ಬ್ರಶ್ಶು, ಅಷ್ಟ ಸಾಕು.

ಠಾಣೆ_ಮಾರಾಯ (ಮೂಲ ಕುಂದಾಪುರ)

ಮಾಮಾ ಹೇಳಿದ್ದರಲ್ಲಿ ಅರ್ಧ ಸರಿ ಉಂಟು, ಅರ್ಧಕ್ಕೆ ನಾನು ಒಪ್ಪುದಿಲ್ಲ. ಜಂಪ್ ಮಾಡುದಿಲ್ಲ, ಭಾನುವಾರ ಡಾಂಬರು ಘಾಟಲ್ಲೂ ಹತ್ತುದು ಅಂತ ಇವರೇ ಹೇಳಿದ್ದಾರಲ್ಲ, ಮತ್ತೆ 140 ಎಂತಕ್ಕೆ ಮಾರಾಯ್ರೆ? ನಾನು ಇಲ್ಲಿ ಠಾಣೆಯ ಯೇವೂರಿನ ಗುಡ್ಡದಲ್ಲಿ ಹಿಂದೆ 120 ಮುಂದೆ 130 ಇಟ್ಕೊಂಡು ಮೂರು ವರ್ಷದಿಂದ ಸುತ್ತುತ್ತಾ ಇದ್ದೇನೆ, ಜೈಂಟ್ ಸ್ಟಾನ್ಸ್ 29 ಅದೇ ಲೆಕ್ಕದ್ದು, ದುಡ್ಡೂ ಉಳೀತದೆ. ಉಳಿದ ದುಡ್ಡಲ್ಲಿ ಡ್ರಾಪರ್ ಪೋಸ್ಟ್ (ಓಡಿಸುವಾಗಲೇ ಸೀಟು ಇಳಿಸುವ ಕಂಬ) ಹಾಕಿಸಿ, ಒಳ್ಳೆ ಟೈರು ಹಾಕಿಸಿ. ಇಳಿಯುವಾಗ ಸೀಟು ಹೊಟ್ಟೆಗೆ ತಾಗದೆ ಕೆಳಗೆ ಹೋದ್ರೆ ಸಿಗುವ ಧೈರ್ಯ 20 ಎಂಎಂ ಹೆಚ್ಚು ಟ್ರಾವೆಲಿಂದ ಬರುದಿಲ್ಲ.

ಟೈರು 2.4 ಇಂಚು, ಟ್ಯೂಬ್‌ಲೆಸ್ ಕಡ್ಡಾಯ. ನಿಮ್ಮ ಪುಣೆ ಟೇಕ್ಡಿಯ ಜಾಲಿ ಮುಳ್ಳಿಗೆ ಟ್ಯೂಬ್ ಹಾಕಿದ್ರೆ ವಾರಕ್ಕೊಂದು ಪಂಕ್ಚರ್. ನನ್ನ ತೂಕವೂ ನಿಮ್ಮಷ್ಟೇ, ಹಿಂದೆ 25 ಪಿಎಸ್‌ಐ, ಮುಂದೆ 22. ಸೀಲಂಟು (ಟೈರಿನ ಒಳಗೆ ಹಾಕುವ, ತೂತು ಮುಚ್ಚುವ ದ್ರವ) ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗಿ ಹೋಗ್ತದೆ, ಬೇಸಿಗೆಯಲ್ಲಿ ಅಲುಗಾಡಿಸಿ ನೋಡಿ, ಒಳಗೆ ನೀರಿನ ಶಬ್ದ ಬರದಿದ್ರೆ ಮತ್ತೆ ಹಾಕಿ.

29 ಇಂಚು ಐದೂವರೆ ಅಡಿಯವರಿಗೆ ಧಾರಾಳ ಆಗ್ತದೆ, ಕಲ್ಲಿನ ಮೇಲೆ ಉರುಳಿಕೊಂಡು ಹೋಗ್ತದೆ. ಸೈಜು ಮಾತ್ರ ಕೂತು ನೋಡಿಯೇ ತಗೊಳ್ಳಿ, ಅದೇ ಬ್ರ್ಯಾಂಡಿನ ಚಾರ್ಟು ನೋಡಿ, ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲ್.

ಟೇಕ್ಡಿ_ಮಾಮಾ

ಭಟ್ರ, ನಿಮ್ಮ ಯೇವೂರಿನ ಮಣ್ಣು ಮೆತ್ತಗ. ಇಲ್ಲಿ ಕರಿ ಕಲ್ಲು, ಮ್ಯಾಲ ಗರಸು, ಬ್ಯಾರಿಂಗ್ ಗೋಲಿ ಚೆಲ್ಲಿದಂಗ ಇರ್ತದ. 120 ನಡೀತದ, ಇಲ್ಲ ಅನ್ನೂದಿಲ್ಲ, ಆದ್ರ ಸೊಂಟ ಹೋದ ಹುಡುಗಗ 120 ಕೊಡೂದು ಪಾಪ. ಡ್ರಾಪರಿಂದು ಮಾತ್ರ ನೂರಕ್ಕ ನೂರು ಖರೇ.

ಠಾಣೆ_ಮಾರಾಯ

ನಾನು ಭಟ್ರಲ್ಲ ಮಾರಾಯ್ರೆ, ಶೆಟ್ರು 🙂

ಸಕಲೇಶಪುರದ_ಹುಡುಗ

ಇಬ್ರಿಗೂ ಥ್ಯಾಂಕ್ಸ್, 160 ತಲೆಯಿಂದ ತೆಗೆದುಹಾಕಿದೆ. ಔಂಧಲ್ಲಿ ಒಬ್ರು ಮೂರು ವರ್ಷ ಹಳೇ ಟ್ರೇಲ್ ಬೈಕ್ ಮಾರ್ತಿದಾರೆ, ಹಿಂದೆ 130, ಮೀಡಿಯಂ ಸೈಜು, ಕಾರ್ಬನ್ ಅಲ್ಲ ಅಲ್ಯೂಮಿನಿಯಂ, ಎರಡೂ ಕಾಲು ಲಕ್ಷ ಹೇಳ್ತಿದಾರೆ. ಫೋಟೋದಲ್ಲಿ ಫಳಫಳ ಅಂತಿದೆ, ಅದೇ ನಂಗೆ ಭಯ. ಏನೇನು ನೋಡ್ಲಿ?

ವಾಸ್ಕೋ_ಸವಾರ (ಗೋವಾ)

ಬ್ರೋ ನಾನು ತಗೊಂಡಿದ್ದೆಲ್ಲಾ ಸೆಕೆಂಡ್ ಹ್ಯಾಂಡೇ, ಅದಕ್ಕೆ ಹೇಳ್ತೀನಿ. ಮೊದಲು ಸೀಟು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ, ಇನ್ನೊಂದು ಕೈಯನ್ನ ಕೀಲುಗಳ ಮೇಲೆ ಇಡಿ, ಟಿಕ್ ಟಿಕ್ ಅಂತ ಕೈಗೆ ತಾಗಿದ್ರೆ ಬೇರಿಂಗೋ ಶಾಕಿನ ಬುಷಿಂಗೋ ಹೋಗಿದೆ, ಅದರ ಖರ್ಚು ರೇಟಲ್ಲಿ ಕಳೀರಿ. ಫೋರ್ಕಿನ ಮೇಲಿನ ಹೊಳೆಯೋ ಕೊಳವೆ ಮೇಲೆ ಉಗುರು ಆಡಿಸಿ, ಗೀರು ಸಿಕ್ಕಿಹಾಕ್ಕೊಂಡ್ರೆ ಅಲ್ಲಿಂದ ಎಣ್ಣೆ ಹೋಗುತ್ತೆ. ಶಾಕಿನ ಸುತ್ತ ಎಣ್ಣೆ ಜಿಡ್ಡು ಇದೆಯಾ ನೋಡಿ. ಫ್ರೇಮಲ್ಲಿ ವೆಲ್ಡಿಂಗ್ ಹತ್ರ ಮೊಬೈಲ್ ಟಾರ್ಚ್ ಹಾಕಿ ನೋಡಿ, ಪೇಂಟಲ್ಲಿ ಕೂದಲಿನ ಹಾಗೆ ಗೆರೆ ಕಂಡ್ರೆ ನಮಸ್ಕಾರ ಹೇಳಿ ವಾಪಸ್ ಬನ್ನಿ. ಬಿಲ್ಲು ಮತ್ತು ಫ್ರೇಮ್ ನಂಬರು ಹೊಂದಬೇಕು, ಇಲ್ಲಾಂದ್ರೆ ಫ್ರೀ ಕೊಟ್ರೂ ಬೇಡ.

ನೀವು ಬಸ್ಸಿನ ಡಿಕ್ಕಿಲಿ ಹಾಕ್ತೀರಲ್ಲ, ಹಾಗಿದ್ರೆ ಹಿಂದಿನ ಡಿರೈಲರ್ ಹ್ಯಾಂಗರ್ (ಗೇರ್ ಬದಲಿಸೋ ಡಿರೈಲರನ್ನ ಫ್ರೇಮಿಗೆ ಹಿಡಿದಿಡೋ ಪಟ್ಟಿ) ಯಾವುದು ಅಂತ ಕೇಳಿ. ಸ್ರ್ಯಾಮ್‌ನೋರು 2019ರಲ್ಲಿ ತಂದ ಯೂನಿವರ್ಸಲ್ ಹ್ಯಾಂಗರ್ ಆದ್ರೆ ಬೇರೆ ಬೇರೆ ಬ್ರ್ಯಾಂಡಿಗೂ ಒಂದೇ, ಒಂದು ಎಕ್ಸ್‌ಟ್ರಾ ತಗೊಂಡು ಬ್ಯಾಗಲ್ಲಿ ಹಾಕ್ಕೊಳ್ಳಿ. ಬೇರೆ ಥರದ್ದಾದ್ರೆ ಸೊಟ್ಟ ಆದ ದಿನ ಸಕಲೇಶಪುರದಲ್ಲಿ ಎಲ್ಲಿ ಹುಡುಕ್ತೀರಿ? ಬ್ರೇಕಲ್ಲಿ ಡಾಟ್ ಆಯಿಲ್ ಇದ್ರೆ ಅದು ತೇವ ಹೀರ್ಕೊಳ್ಳುತ್ತೆ, ನಮ್ಮ ಕರಾವಳಿ ಗಾಳಿಗೆ ನಾನು ವರ್ಷಕ್ಕೊಂದ್ಸಲ ಬದಲಾಯಿಸ್ತೀನಿ. ಶಿಮಾನೋ ಮಿನರಲ್ ಆಯಿಲಿಗೆ ಆ ಕಾಟ ಇಲ್ಲ, ಆದ್ರೆ ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಸೀಲು ಉಬ್ಬಿ ಹಾಳಾಗುತ್ತೆ, ಹುಷಾರು.

ಸಕಲೇಶಪುರದ_ಹುಡುಗ

ಶನಿವಾರ ಬೆಳಿಗ್ಗೆ ನೋಡಕ್ಕೆ ಹೋಗ್ತಿದೀನಿ. ಮಾಮಾ, ಕೊಥ್ರೂಡಿಂದ ಔಂಧು ದೂರ ಏನಿಲ್ಲ, ಒಂದ್ಸಲ ಜೊತೆಗೆ ಬರ್ತೀರಾ? ಟೀ ವಡಾಪಾವ್ ನಂದು.

ಟೇಕ್ಡಿ_ಮಾಮಾ

ಬರ್ತೀನಿ, ಶಾಕ್ ಪಂಪು ನಾನ ತರ್ತೀನಿ. ಏಳಕ್ಕ ಹೋಗೂಣು, ಮಾರಾಂವಗ ಮದ್ಲ ಫೋನ್ ಮಾಡಿ ಸೈಕಲ್ ತೊಳಿಬ್ಯಾಡ ಅಂತ ಹೇಳು, ಕೆಸರು ಇದ್ದಂಗ ನೋಡೂಣು. ತಗೊಂಡಿ ಅಂದ್ರ ಒಂದು ಗಂಟಿನೂ ಹಾಕ್ಕೋ, ಟೇಕ್ಡಿ ಮ್ಯಾಲ ಮುಂಜಾನೆ ವಾಕಿಂಗ್ ಬರೂ ಆಜೋಬಾಗೋಳ (ಅಜ್ಜಂದಿರ) ಬೈಗುಳ ನಾ ಸಾಕಷ್ಟು ತಿಂದೀನಿ.