ಸಹಾಯ ಬೇಕು: ಅಪ್ಪನಿಗಾಗಿ ಏನಂತ ಬೇಡಿಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಅಪ್ಪನ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲ 4 ಗಂಟೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಕಿಡ್ನಿ ಕೊಡುವಂತಿಲ್ಲ. ನನ್ನ ರಕ್ತದ ಗುಂಪು ಹೊಂದಲಿಲ್ಲ. ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯಲ್ಲಿ (ತೀರಿಕೊಂಡವರು ದಾನ ಮಾಡಿದ ಅಂಗಗಳನ್ನು ಕಾಯುತ್ತಿರುವ ರೋಗಿಗಳಿಗೆ ಹಂಚುವ ರಾಜ್ಯದ ಸಂಸ್ಥೆ) ಹೆಸರು ಬರೆಸಿ ಒಂದೂವರೆ ವರ್ಷವಾಯಿತು. ಫೋನ್ ಬಂದಾಗಲೆಲ್ಲ ಎದೆ ಡವಡವ ಅನ್ನುತ್ತದೆ.

ನಮ್ಮ ಮನೆದೇವರು ಮಂಜುನಾಥ. ಮೊದಲೆಲ್ಲ ದೀಪ ಹಚ್ಚಿ "ಬೇಗ ಕಿಡ್ನಿ ಸಿಗಲಪ್ಪಾ" ಅಂತ ಬೇಡುತ್ತಿದ್ದೆ. ಒಂದು ದಿನ ಹೊಳೆಯಿತು. ಅದು ಸಿಗಬೇಕಾದರೆ ಯಾರದೋ ಮನೆಯ ಜೀವ ಹೋಗಬೇಕು. ಆ ಮನೆಯವರು ಅಳುತ್ತಲೇ ಸಹಿ ಹಾಕಬೇಕು. ಅವತ್ತಿನಿಂದ ಕೈ ಮುಗಿದರೆ ಮಾತೇ ಹೊರಡುತ್ತಿಲ್ಲ. ದೇವರ ಮೇಲಿನ ನಂಬಿಕೆ ಹೋಗಿಲ್ಲ, ಆದರೆ ಏನು ಕೇಳಬೇಕು ಅನ್ನೋದೇ ಗೊತ್ತಾಗುತ್ತಿಲ್ಲ. "ಏನೂ ಕೇಳಬೇಡ, ಸುಮ್ನೆ ಕೂತ್ಕೋ, ಅವನಿಗೆ ಗೊತ್ತು" ಅನ್ನುತ್ತಾರೆ ಅಮ್ಮ. ಅವರಿಗೆ ಅದು ಸಾಧ್ಯ. ನನಗೆ ಆಗುತ್ತಿಲ್ಲ.

ಹೀಗೆ ಕಾದವರು ಇಲ್ಲಿ ಇರಬಹುದು ಅಲ್ವಾ? ಯಾವ ದೇವರನ್ನು ನಂಬುವವರಾದರೂ ಸರಿ. ಆ ದಿನಗಳಲ್ಲಿ ಏನಂತ ಪ್ರಾರ್ಥನೆ ಮಾಡಿದಿರಿ? ದಯವಿಟ್ಟು ಬರೆಯಿರಿ.

ಇನ್ನೊಂದು ವಿಷಯ. ಅಪ್ಪನಿಗೆ ಒಮ್ಮೆ ಧರ್ಮಸ್ಥಳಕ್ಕೆ ಹೋಗುವ ಆಸೆ. ವೈದ್ಯರು ಆಗಬಹುದು ಅಂದಿದ್ದಾರೆ. ಶನಿವಾರದ ಡಯಾಲಿಸಿಸ್ ಮುಗಿಸಿ ಭಾನುವಾರ ಶಿರಾಡಿ ಘಾಟಿ ಇಳಿಯಬೇಕು. ಜಾಸ್ತಿ ಹೊತ್ತು ನಿಲ್ಲಲು ಅವರಿಂದ ಆಗಲ್ಲ. ಇಂಥ ರೋಗಿಗಳನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ, ಸಾಲಿನಲ್ಲಿ ನಿಲ್ಲಿಸದೆ ದರ್ಶನ ಹೇಗೆ ಮಾಡಿಸಿದಿರಿ ಅಂತ ತಿಳಿಸಿ.