ಮೃತ ಸಮುದ್ರದ ಜೀವಿಗಳು ಒಣಗಿ ಸಾಯುವುದಿಲ್ಲವೇಕೆ?

ಪ್ರಶ್ನೆ: ಉಪ್ಪು ಸೂಕ್ಷ್ಮಜೀವಿಗಳೊಳಗಿನ ನೀರನ್ನು ಹೊರಗೆಳೆಯುವುದರಿಂದಲೇ ಉಪ್ಪಿನಕಾಯಿ ಬೇಗ ಕೆಡುವುದಿಲ್ಲ ಎನ್ನುತ್ತಾರೆ. ಆದರೆ ಸಾಗರಕ್ಕಿಂತ ಸುಮಾರು ಹತ್ತು ಪಟ್ಟು ಉಪ್ಪಾದ ಮೃತ ಸಮುದ್ರದಲ್ಲೂ ಜೀವಿಗಳಿವೆ ಎಂದು ಸೂಕ್ಷ್ಮಜೀವಿ ವಿಜ್ಞಾನಿ ಬೆಂಜಮಿನ್ ವೊಲ್ಕಾನಿ 1936ರಲ್ಲಿ ತೋರಿಸಿದರು. ಅವು ಉಳಿಯುವುದು ಹೇಗೆ?

ಉತ್ತರ 1: ಅವರ ಹೆಸರನ್ನೇ ಹೊತ್ತ ಹ್ಯಾಲೋಫೆರಾಕ್ಸ್ ವೊಲ್ಕಾನಿ ಎಂಬ ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿಗೆ ಸೇರಿದ ಏಕಕೋಶ ಜೀವಿ), ಸೋಡಿಯಂ ಅನ್ನು ಹೊರದಬ್ಬಿ ಪೊಟ್ಯಾಸಿಯಂ ಅನ್ನು ಒಳಗೆ ತುಂಬಿಕೊಂಡು ಹೊರಗಿನ ಸೆಳೆತವನ್ನು ಸರಿದೂಗಿಸುತ್ತದೆ. ಇಷ್ಟು ಲವಣದಲ್ಲಿ ಸಾಮಾನ್ಯ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಇದರ ಪ್ರೋಟೀನುಗಳ ಹೊರಮೈಯಲ್ಲಾದರೋ ಋಣ ವಿದ್ಯುದಂಶವುಳ್ಳ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳು ಹೇರಳವಾಗಿರುವುದರಿಂದ ಅವು ಕರಗಿದ ಸ್ಥಿತಿಯಲ್ಲೇ ಉಳಿದು ಕೆಲಸ ಮಾಡುತ್ತವೆ. ವಿಚಿತ್ರವೆಂದರೆ, ಸಿಹಿನೀರಿನಲ್ಲಿ ಇವುಗಳಲ್ಲಿ ಅನೇಕವು ತಮ್ಮ ಆಕಾರವನ್ನೇ ಕಳೆದುಕೊಳ್ಳುತ್ತವೆ.

ಉತ್ತರ 2: ಎಲ್ಲ ಜೀವಿಗಳದೂ ಇದೇ ದಾರಿಯಲ್ಲ. ಅಲ್ಲಿನ ಡುನಾಲಿಯೆಲ್ಲ ಪಾಚಿ ಲವಣವನ್ನು ಆದಷ್ಟು ಹೊರಗಿಟ್ಟು, ತಾನೇ ತಯಾರಿಸಿದ ಗ್ಲಿಸರಾಲ್‌ನಿಂದ ನೀರನ್ನು ಹಿಡಿದಿಡುತ್ತದೆ. ಈ ದಾರಿ ದುಬಾರಿಯಾದರೂ ಪ್ರೋಟೀನುಗಳನ್ನು ಬದಲಿಸಬೇಕಾಗಿಲ್ಲ. 1992ರಲ್ಲಿ ಭಾರೀ ಮಳೆಯಿಂದ ಮೇಲ್ಪದರದ ಉಪ್ಪಿನಂಶ ಕಡಿಮೆಯಾದಾಗ ಈ ಪಾಚಿ ವಿಪರೀತವಾಗಿ ಬೆಳೆಯಿತು. ಅದರ ಬೆನ್ನಿಗೇ ಹೆಚ್ಚಿದ ಆರ್ಕಿಯಾಗಳ ವರ್ಣದ್ರವ್ಯದಿಂದ ನೀರು ಕೆಂಪೇರಿತು.

ಪ್ರಶ್ನೆ ಕೇಳಿದವರು: ಹಾಗಾದರೆ ಮೃತ ಸಮುದ್ರದ ಜೀವಿಗಳಿಗೂ ಅಲ್ಲಿನ ಉಪ್ಪು ಕೆಲವೊಮ್ಮೆ ಅತಿಯಾಗುತ್ತದೆ ಎಂದಾಯಿತು. ಧನ್ಯವಾದಗಳು.